ಹೊಟ್ಟು ಗುಡಿಸುವವಳು

ಮರ ಕಡೆಯುವ ಲೇತಿನ ಬೆಲ್ಟು ಹರಿಯದೆ ಇದ್ದಿದ್ದರೆ ಪಿಂಪಾ ಅವತ್ತು ಚಿಯಾಂಗ್ ಮಾಯ್ ಪೇಟೆಗೆ ಹೋಗುತ್ತಲೇ ಇರಲಿಲ್ಲ.

ಹೊಸ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು, ಊರಿಗೆ ಮರಳುವ ಕೆಂಪು ಟೆಂಪೊ ಹಿಡಿಯಲು ನಡೆಯುತ್ತಿದ್ದಾಗ ರತ್ತನಾಳ ಕರಕುಶಲ ಅಂಗಡಿ ಎದುರಾಯಿತು. ತಾನು ಕಡೆದ ಮರದ ಬಟ್ಟಲುಗಳು ಮಾರಾಟಕ್ಕೆ ಬರುವುದು ಇಲ್ಲಿಗೇ ಎಂದು ಅವಳಿಗೆ ಗೊತ್ತಿತ್ತು. ಪಕ್ಕದ ಓಣಿಯ ದೇಚಾ ಅವುಗಳಿಗೆ ಕಪ್ಪು ಮೆರುಗು ಹಚ್ಚಿ ತನ್ನ ಪಿಕಪ್ಪಿನಲ್ಲಿ ತಂದು ಕೊಡುತ್ತಿದ್ದ. ಅವಳು ಮಾತ್ರ ಒಳಗೆ ಕಾಲಿಟ್ಟವಳಲ್ಲ.

ಗಾಜಿನಾಚೆ, ದೀಪದ ಕೆಳಗೆ, ಬಟ್ಟಲುಗಳು ಮಿರುಗುತ್ತ ಕೂತಿದ್ದವು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಅವರ ಸಂಸಾರದ ನಡುವೆ ಕಂಡ ಹಾಗಾಯಿತು ಪಿಂಪಾಗೆ. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಒಳಗಿನ ಗೋಡೆಯ ತುಂಬ ಅಪ್ಪನ ಫೋಟೊ.

ಲೇತಿನ ಮುಂದೆ ನಿಂತ ಅಪ್ಪ, ಖಾಮೂನ್. ಬಿಳಿ ಹುಬ್ಬು, ಸುಕ್ಕು ಕೆನ್ನೆ, ಮೇಲಿನಿಂದ ಬಿದ್ದ ಬೆಳಕು. ಉಟ್ಟ ಏಪ್ರನ್ ಪಿಂಪಾಳದು. ಕೈಯಲ್ಲಿದ್ದ ಉಳಿಯೂ ಪಿಂಪಾಳದು.

ಅಂಗಡಿಯ ಹುಡುಗಿ ಬ್ಯಾಂಕಾಕಿನಿಂದ ಬಂದ ಗಂಡಹೆಂಡತಿಗೆ ಬಟ್ಟಲು ತೋರಿಸುತ್ತಿದ್ದಳು. "ಇದು ಖಾಮೂನ್ ಗುರುಗಳ ಕೈಕೆಲಸ. ಎಪ್ಪತ್ತು ದಾಟಿದೆ, ಇವತ್ತಿಗೂ ಒಬ್ಬರೇ ಕಡೀತಾರೆ. ಹೆಂಡತಿ ಹೋದಮೇಲೆ ಯಾರ ಹತ್ರಾನೂ ಮಾತಿಲ್ಲ, ಕತೆ ಇಲ್ಲ. ಮಾತೆಲ್ಲ ಮರದ ಜೊತೆಗೇ."

ನಿದ್ದೆಯಲ್ಲೂ ಮಾತಾಡುವ ತನ್ನ ಅಪ್ಪನನ್ನು ನೆನೆದು ಪಿಂಪಾಗೆ ನಗು ಬಂತು. ಆ ನಗು ತುಟಿಯವರೆಗೆ ಬರುವಷ್ಟರಲ್ಲಿ ಆ ಹೆಂಗಸು ಕೇಳಿದಳು, "ಅಯ್ಯೋ ಪಾಪ, ಮಕ್ಕಳಿಲ್ವಾ?"

"ಒಬ್ಬಳು ಮಗಳಿದಾಳೆ," ಅಂದಳು ಹುಡುಗಿ. "ಗಂಡನ್ನ ಬಿಟ್ಟು ಬಂದೋಳು. ಅಪ್ಪನ ಹತ್ರ ಇದ್ಕೊಂಡು ಹೊಟ್ಟು ಗುಡಿಸ್ತಾಳೆ."

ಪಿಂಪಾ ಹತ್ತಿರದ ಬಟ್ಟಲೊಂದನ್ನು ಎತ್ತಿ ತಿರುಗಿಸಿದಳು. ತಳದಲ್ಲಿ, ಉಳಿಯ ತುದಿಯಿಂದ ಎಳೆದ ಕೂದಲೆಳೆಯ ಗೆರೆ ಇತ್ತು. ಅವಳದೇ ಗೆರೆ. ಅಪ್ಪನ ಕೈ ನಡುಗಲು ಶುರುವಾಗಿ ನಾಲ್ಕು ವರ್ಷ. ಅಂದಿನಿಂದ ಆ ಲೇತಿನಿಂದ ಹೊರಬಿದ್ದ ಒಂದೊಂದು ಬಟ್ಟಲನ್ನೂ ಕಡೆದವಳು ಅವಳು.

"ಇದನ್ನೆಲ್ಲ ನಿನಗೆ ಹೇಳ್ದೋರು ಯಾರಮ್ಮ?" ಎಂದು ಕೇಳಿದಳು.

"ದೇಚಾ ಅಣ್ಣ. ಮೆರುಗು ಹಚ್ಚೋರು. ಯಾಕಕ್ಕ, ಅವರು ನಿಮಗೆ ಗೊತ್ತಾ?"

"ಗೊತ್ತು ಅಂದ್ಕೊಂಡಿದ್ದೆ."

ಟೆಂಪೊದಲ್ಲಿ ಅವಳ ಪಕ್ಕ ಕೂತಿದ್ದ ಮುದುಕಿ ಒಂದು ಸಲ ಅವಳ ಮುಖ ನೋಡಿ, ತನ್ನ ಕೋಳಿಬುಟ್ಟಿಯನ್ನು ಎತ್ತಿಕೊಂಡು ಎದುರಿನ ಸೀಟಿಗೆ ಹೋಗಿ ಕೂತಳು.

*

ದೇಚಾ ಅವಳ ಅಂಗಳದಲ್ಲೇ ಇದ್ದ.

ಹೆಚ್ಚುಕಡಿಮೆ ದಿನವೂ ಅವನು ಬರುವ ಹೊತ್ತು ಅದು. ಬಾಳೆಎಲೆಯಲ್ಲಿ ಕಟ್ಟಿದ ಅಂಟು ಅನ್ನ, ಸುಟ್ಟ ಹಸಿಮೆಣಸಿನಕಾಯಿ ಚಟ್ನಿ, ಗರಿಗರಿಯಾಗಿ ಹುರಿದ ಹಂದಿಚರ್ಮ ಹಿಡಿದುಕೊಂಡು ಬರುತ್ತಿದ್ದ. ಬಟ್ಟಲು ಒಯ್ಯಲಿಕ್ಕೆ ಎನ್ನುವುದು ನೆಪ.

ಹಸಿ ಮಾವಿನ ಮರ ಲೇತಿನಲ್ಲಿ ತಿರುಗುವಾಗ ನೀರು ಕಾರುತ್ತದೆ. ನೀರು ಬಂದು ಬೀಳುವ ಜಾಗ ಯಾವುದೆಂದು ಈ ಊರಿನ ನಾಯಿಗಳಿಗೂ ಗೊತ್ತು. ದೇಚಾ ನಿಲ್ಲುತ್ತಿದ್ದುದು ಸರಿಯಾಗಿ ಅಲ್ಲೇ. "ಆ ಕಡೆ ನಿಲ್ಲೋ," ಅಂದರೆ, "ಸೆಕೆ ಕಣೆ," ಅನ್ನುತ್ತಿದ್ದ, ಪುಷ್ಯದ ಚಳಿಯಲ್ಲಿ. ಅವಳು ಓರೆಗಣ್ಣಲ್ಲಿ ನೋಡಿ ಉಳಿಯನ್ನು ಒಂದು ಎಳೆ ವಾಲಿಸುತ್ತಿದ್ದಳು. ನೀರು ಅವನ ಕುತ್ತಿಗೆಗೆ ಹಾರುತ್ತಿತ್ತು. ಅವನು ಒರೆಸಿಕೊಳ್ಳುತ್ತಿರಲಿಲ್ಲ. ಎರಡು ವರ್ಷದಿಂದ ಅವರಿಬ್ಬರ ನಡುವೆ ನಡೆದುಬಂದ ಸರಸವೆಲ್ಲ ಇಷ್ಟೇ. ಇದರ ಮುಂದಿನ ಮಾತನ್ನು ಅವನು ಆಡಿರಲಿಲ್ಲ, ಅವಳು ಕೇಳಿರಲಿಲ್ಲ.

ಅವತ್ತು ಅವನು ಅಪ್ಪನ ಬಿದಿರುಮಂಚದ ತುದಿಯಲ್ಲಿ ಕೂತು ನಗುತ್ತಿದ್ದ. "ಬೆಲ್ಟು ಸಿಕ್ತಾ?"

ಪಿಂಪಾ ಬೆಲ್ಟು ಏರಿಸಿದಳು. ಲೇತಿಗೆ ಕಚ್ಚಿಸಿಟ್ಟಿದ್ದ ಹಸಿ ದಿಮ್ಮಿಯನ್ನು ತಿರುಗಲು ಬಿಟ್ಟಳು. ಅವನು ಎಂದಿನಂತೆ ಬಂದು ಎಂದಿನ ಜಾಗದಲ್ಲಿ ನಿಂತ. ಅವಳು ಉಳಿಯನ್ನು ಎಷ್ಟು ಆಳಕ್ಕೆ ಇಳಿಸಿದಳೆಂದರೆ ಮೋಟಾರು ನರಳಿತು. ಒದ್ದೆ ಸುರುಳಿಗಳು ಅವನ ಮುಖಕ್ಕೆ, ಎದೆಗೆ, ಬಾಯಿಗೆ ಬಡಿದವು.

"ಏ ಏ, ಇವತ್ತು ಸ್ನಾನಾನೇ ಮಾಡಿಸ್ತೀಯಲ್ಲೇ!"

ಅವಳು ಸ್ವಿಚ್ಚು ಆರಿಸಿದಳು.

ಸಿಟ್ಟು ಬಂದರೆ ಪಿಂಪಾ ಕೂಗುವವಳಲ್ಲ. ಬಹುವಚನ ಹಚ್ಚುವವಳು.

"ದೇಚಾ ಅವರೇ, ನೀವು ಯಾವಾಗ ಬಂದ್ರಿ?"

ದೇಚಾ ಹಿಂದೆ ತಿರುಗಿ ನೋಡಿದ, ಯಾರೋ ದೊಡ್ಡವರು ಬಂದರೇನೋ ಎಂದು.

"ರತ್ತನಾ ಅವರ ಅಂಗಡಿಗೆ ಹೋಗಿದ್ದೆ. ಚೆನ್ನಾಗಿದೆ. ಅಪ್ಪನ ಫೋಟೊನೂ ಚೆನ್ನಾಗಿದೆ. ಮಗಳು ಹೊಟ್ಟು ಗುಡಿಸ್ತಾಳಂತೆ. ನೀವೇ ಹೇಳಿದ್ರಂತೆ."

ಅವನ ಮುಖದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಕಣ್ಣಿನಿಂದ ಮೊದಲು ಹೋಯಿತು, ಆಮೇಲೆ ಬಾಯಿಂದ. ಅವನು ಮಂಚದ ಕಡೆ ನೋಡಿದ. ಖಾಮೂನ್ ತನ್ನ ಕಾಲಿನ ಹೆಬ್ಬೆರಳನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳುತ್ತಿದ್ದ.

"ಹೊಟ್ಟಿನ ಮಾತು ನಂದಲ್ಲ," ಅಂದ ದೇಚಾ ಮೆಲ್ಲಗೆ. "ಆ ಹುಡುಗಿ ಸೇರಿಸ್ಕೊಂಡಿದ್ದು."

"ನಿಮ್ಮ ಕಿವಿಗೆ ಬಿದ್ದಿತ್ತಾ, ಇಲ್ವಾ?"

"ಬಿದ್ದಿತ್ತು."

"ತಿದ್ದಿದ್ರಾ?"

ಅವನು ಗಲ್ಲಕ್ಕಂಟಿದ್ದ ಒದ್ದೆ ಸುರುಳಿಯನ್ನು ಕಿತ್ತು ಕೆಳಗೆ ಹಾಕಿದ.

"ಉಳಿದ ಮಾತೆಲ್ಲ? ಗುರುಗಳೇ ಕಡೀತಾರೆ, ಒಬ್ಬರೇ ಕಡೀತಾರೆ?"

"ಅದು ನಾನೇ ಹೇಳಿದ್ದು." ಈ ಸಲ ಅವನು ಮಂಚದ ಕಡೆ ನೋಡಲಿಲ್ಲ.

ಪಿಂಪಾ ಲೇತಿನಿಂದ ಅರ್ಧ ಕಡೆದ ಬಟ್ಟಲನ್ನು ಕಿತ್ತು ಅವನತ್ತ ಬೀಸಿದಳು. ಒದ್ದೆ ಮರ, ಕಲ್ಲಿನಷ್ಟು ಭಾರ. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದ. ಹಿಡಿದದ್ದು ಅವಳ ಸಿಟ್ಟನ್ನು ಇಮ್ಮಡಿ ಮಾಡಿತು.

"ಇನ್ಮೇಲೆ ಈ ಅಂಗಳದಿಂದ ಒಂದು ಚಕ್ಕೆನೂ ನಿಮ್ಮ ಗಾಡಿ ಹತ್ತಲ್ಲ. ಅನ್ನದ ಗಂಟು ತಗೊಂಡು ಹೊರಡಿ."

"ಪಿಂಪಾ, ನೀನು ಒಂದು ಮಾತು..."

"ಹೊಟ್ಟು ಗುಡಿಸೋದಿದೆ ನನಗೆ. ದಾರಿ ಬಿಡಿ."

*

ಆಮೇಲಿನ ದಿನಗಳಲ್ಲಿ ಲೇತು ಬೆಳಗಿನಿಂದ ಸಂಜೆಯವರೆಗೆ ಒರಲಿತು. ಸೂರಿನ ಕೆಳಗೆ, ಒದ್ದೆ ಹೊಟ್ಟಿನಲ್ಲಿ ಹೂತು ಒಣಗಲು ಇಟ್ಟ ಬಟ್ಟಲುಗಳ ರಾಶಿ ಏರುತ್ತಲೇ ಹೋಯಿತು. ಹಸಿ ಮರವನ್ನು ಅವಸರದಲ್ಲಿ ಒಣಗಿಸಿದರೆ ಸೀಳುತ್ತದೆ; ಅದಕ್ಕೇ ಈ ತಾಳ್ಮೆಯ ಹೂಳಿಕೆ. ಮರಕ್ಕೆ ತೋರಿಸುವ ತಾಳ್ಮೆಯನ್ನು ಮನುಷ್ಯರಿಗೆ ತೋರಿಸಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ದೇಚಾ ದಿನವೂ ಬಂದ. ಬಿದಿರುಗೇಟಿನ ಆಚೆ ನಿಲ್ಲುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಅನ್ನದ ಗಂಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ. ಗೇಟಿನ ಪಕ್ಕದಲ್ಲೇ ಹಂದಿಮಾಂಸ ಸುಟ್ಟು ಮಾರುತ್ತಿದ್ದ ಬುವಾ ಅತ್ತೆ, ಖಾಮೂನನ ತಂಗಿ, ಅದನ್ನು ಬಿಚ್ಚಿ ತಿನ್ನುತ್ತಿದ್ದಳು.

"ಚಟ್ನಿಗೆ ಉಪ್ಪು ಜಾಸ್ತಿ ಇವತ್ತು," ಎಂದು ಕೂಗಿ ವರದಿ ಕೊಡುತ್ತಿದ್ದಳು. "ದುಃಖದಲ್ಲಿ ಅರೆದಿದಾನೆ ಪಾಪ."

"ಹಾಗಾದ್ರೆ ಅವರನ್ನ ನೀನೇ ಇಟ್ಕೋ ಅತ್ತೆ."

"ನನಗೆ ಬೇಡ ಮಾರಾಯ್ತಿ. ಅವನು ಕಟ್ಕೋಬೇಕು ಅಂತಿರೋದು ನಿನ್ನ."

ಪಿಂಪಾ ಉಳಿಯನ್ನು ಮರದಿಂದ ಎತ್ತಿಬಿಟ್ಟಳು. "ಏನಂದೆ?"

ಅತ್ತೆ ನಾಲಿಗೆ ಕಚ್ಚಿಕೊಂಡಳು. ಆದರೆ ನಾಲಿಗೆಯನ್ನು ಹೆಚ್ಚು ಹೊತ್ತು ಕಚ್ಚಿಕೊಂಡಿರುವುದು ಆಕೆಯ ಜಾಯಮಾನವಲ್ಲ. "ಅದೇನು ಗುಟ್ಟೇ? ಸುಗ್ಗಿ ಕಾಲದಲ್ಲೇ ನನಗೆ ಹೇಳ್ದ. ನೂಡಲ್ಸ್ ಮಾರೋ ಮುದುಕಿಗೂ ಹೇಳಿದಾನೆ. ನಿಮ್ಮಪ್ಪನಿಗೂ ಗೊತ್ತು. ವಿಹಾರದ ದೊಡ್ಡ ಭಿಕ್ಷುಗಳ ಹತ್ರ ಹೋಗಿ ಒಳ್ಳೆ ದಿನಾನೂ ಕೇಳ್ಕೊಂಡು ಬಂದಿದಾನೆ."

ಪಿಂಪಾಳ ಕಿವಿ ಕೆಂಪಾಯಿತು. ಅವಳು ಎರಡು ವರ್ಷದಿಂದ ರಾತ್ರಿ ಮಲಗುವಾಗ ಒಂದು ಮಾತಿಗೆ ಕಾಯುತ್ತಿದ್ದಳು. ಆ ಮಾತು ಊರೆಲ್ಲ ಸುತ್ತಿಬಂದಿದೆ, ನೂಡಲ್ಸ್ ಅಂಗಡಿಯಲ್ಲಿ ಕೂತು ಸೂಪು ಕುಡಿದಿದೆ, ವಿಹಾರದ ಮೆಟ್ಟಿಲು ಹತ್ತಿದೆ. ಅವಳ ಗೇಟು ಮಾತ್ರ ದಾಟಿಲ್ಲ.

"ಒಳ್ಳೇದಾಯ್ತು," ಅಂದಳು ಹಲ್ಲು ಕಡಿದು. "ಮದುವೆನೂ ನೂಡಲ್ಸ್ ಮುದುಕಿ ಜೊತೇನೇ ಮಾಡ್ಕೊಳ್ಲಿ."

ಅವತ್ತು ಅವಳು ಕಡೆದ ಬಟ್ಟಲಿನ ಗೋಡೆ ಎಷ್ಟು ತೆಳ್ಳಗಾಯಿತೆಂದರೆ ಉಳಿ ತೂರಿ ಆಚೆ ಬಂತು.

*

ಶುಕ್ರವಾರ ಬೆಳಿಗ್ಗೆ ಲೇತಿನ ಸದ್ದಿಗೆ ಪಿಂಪಾಗೆ ಎಚ್ಚರವಾಯಿತು. ತಾನು ಹಾಸಿಗೆಯಲ್ಲಿದ್ದೇನೆ, ಲೇತು ತಿರುಗುತ್ತಿದೆ. ಮೆಟ್ಟಿಲಿಳಿದು ಓಡುವಷ್ಟರಲ್ಲಿ ಟಪ್ ಎಂದು ಏನೋ ಸಿಡಿಯಿತು.

ಖಾಮೂನ್ ನೆಲದ ಮೇಲೆ ಕೂತಿದ್ದ. ಬಟ್ಟಲು ಎರಡು ಹೋಳಾಗಿ ಬಿದ್ದಿತ್ತು. ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು.

"ಏನು ಮಾಡ್ತಿದೀಯ ಅಪ್ಪ! ಕಣ್ಣು ಹೋಗಿದ್ರೆ?"

"ಭಾನುವಾರ ರತ್ತನಾ ಕರೆದಿದಾಳೆ. ಅಂಗಡಿ ಅಂಗಳದಲ್ಲಿ ಜನದ ಮುಂದೆ ಒಂದು ಬಟ್ಟಲು ಕಡೆದು ತೋರಿಸ್ಬೇಕಂತೆ. ಅದಕ್ಕೇ ಅಭ್ಯಾಸ ಮಾಡ್ತಿದ್ದೆ."

"ಯಾವ ಕೈಯಲ್ಲಿ?"

ಹೇಳಿದ ಮೇಲೆ ಆ ಮಾತು ಎಷ್ಟು ಕ್ರೂರವಾಗಿತ್ತೆಂದು ಗೊತ್ತಾಯಿತು. ಅಪ್ಪ ತನ್ನ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ನೋಡಿದ. ಅವು ತಮ್ಮ ಪಾಡಿಗೆ ನಡುಗುತ್ತಿದ್ದವು.

ಪಿಂಪಾ ಬಿಸಿನೀರು ತಂದು ಗಾಯ ತೊಳೆದಳು. ಅವನು ಅವಳ ಮುಖ ನೋಡದೆ ಮಾತಾಡಿದ.

"ದೇಚಾನ ಬೈಬೇಡ. ಅಂಗಡೀಲಿ ನನ್ನ ಹೆಸರೇ ಇರ್ಲಿ ಅಂತ ಕೇಳಿದ್ದು ನಾನು. ಕೈ ಮುಗಿದು ಕೇಳ್ದೆ. ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡೆ."

ಅವಳ ಕೈ ನಿಂತಿತು. "ಯಾಕಪ್ಪ?"

"ನೀನು ಮೊದಲನೇ ಸಲ ಮಳೆಮರದ ದೊಡ್ಡ ಬಟ್ಟಲು ಕಡೆದ್ಯಲ್ಲ. ಅದನ್ನ ಕೈಯಲ್ಲಿ ಹಿಡ್ಕೊಂಡೆ. ಅಷ್ಟು ದೊಡ್ಡದು, ತೂಕಾನೇ ಇಲ್ಲ. ನಾನು ಹುಟ್ಟಿದಾಗಿನಿಂದ ಅಂಥದ್ದು ಒಂದೂ ಕಡೆದಿಲ್ಲ." ಅವನು ಒಡೆದ ಬಟ್ಟಲಿನ ಹೋಳೊಂದನ್ನು ಕಾಲಿನಿಂದ ಸರಿಸಿದ. "ಖುಷಿ ಆಗ್ಬೇಕಿತ್ತು. ಆಗ್ಲಿಲ್ಲ. ಹೊಟ್ಟೆ ಉರೀತು. ಸ್ವಂತ ಮಗಳ ಮೇಲೆ."

ಅಂಗಳದಲ್ಲಿ ಕೋಳಿಯೊಂದು ಹೊಟ್ಟು ಕೆದಕುತ್ತಿತ್ತು. ಪಿಂಪಾ ಪಟ್ಟಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಕಟ್ಟಿದಳು. ಅವನು "ಅಮ್ಮಾ" ಅಂದ. ಅವಳು ಸಡಿಲಿಸಲಿಲ್ಲ.

ಗಂಡನ ಮನೆ ಬಿಟ್ಟು ಲಾಂಪೂನಿನಿಂದ ಬರಿಗೈಯಲ್ಲಿ ಬಂದ ದಿನ ಇದೇ ಅಪ್ಪ ಒಂದು ಪ್ರಶ್ನೆಯನ್ನೂ ಕೇಳದೆ ಅವಳ ಕೈಗೆ ಉಳಿ ಕೊಟ್ಟಿದ್ದ. ನಿಲ್ಲುವುದು ಹೇಗೆ, ಉಸಿರು ಹಿಡಿಯುವುದು ಯಾವಾಗ, ಹಸಿ ಮರದ ಸದ್ದು ಯಾವಾಗ ಬದಲಾಗುತ್ತದೆ ಎಂದು ಹೇಳಿಕೊಟ್ಟಿದ್ದ. ಅದೇ ಮನುಷ್ಯ, ಅದೇ ಕೈ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಿದ್ದ.

"ಭಾನುವಾರ ಹೋಗಲೇಬೇಕಾ?"

"ಒಂದೇ ಸಲ ಕಣೆ. ಜನ ನೋಡ್ಲಿ."

"ಹೋಗು ಹಾಗಾದ್ರೆ," ಅಂದಳು. "ನಾನು ಬರಲ್ಲ."

*

ಭಾನುವಾರ ದೇಚಾನ ಪಿಕಪ್ಪು ಗೇಟಿನ ಮುಂದೆ ಬಂದು ನಿಂತಿತು. ಒಂದು ಹಸಿ ಮಾವಿನ ದಿಮ್ಮಿ ಏರಿತು. ಹೊಸ ಅಂಗಿ ತೊಟ್ಟ ಅಪ್ಪ ಏರಿದ. ತುಟಿಗೆ ಬಣ್ಣ ಹಚ್ಚಿದ ಬುವಾ ಅತ್ತೆಯೂ ಏರಿದಳು. ದೇಚಾ ಒಮ್ಮೆ ಅಂಗಳದ ಕಡೆ ನೋಡಿದ. ಪಿಂಪಾ ಬೆನ್ನು ತಿರುಗಿಸಿ ಪೊರಕೆ ಆಡಿಸುತ್ತಿದ್ದಳು.

ಗಾಡಿಯ ಸದ್ದು ದೂರವಾದ ಮೇಲೆ ಉಳಿಗಳ ಹಲಗೆಯತ್ತ ಅವಳ ಕಣ್ಣು ಹೋಯಿತು. ದೊಡ್ಡ ಉಳಿಯ ಜಾಗ ಖಾಲಿ. ಅಪ್ಪ ಅದನ್ನೇ ಒಯ್ದಿದ್ದ. ಗಟ್ಟಿ ಮಣಿಕಟ್ಟಿದ್ದವರಿಗೇ ಒಮ್ಮೊಮ್ಮೆ ತಪ್ಪಿ ದವಡೆಗೆ ಬಡಿಯುವ ಉಳಿ ಅದು.

"ಈ ಮುದುಕನಿಗೆ..." ಎಂದು ಬೈಯುತ್ತಲೇ ಅವಳು ಸ್ಕೂಟರ್ ಎಬ್ಬಿಸಿದಳು.

ರತ್ತನಾಳ ಅಂಗಳದಲ್ಲಿ ಬಣ್ಣದ ಕಾಗದದ ದೀಪಗಳು, ಪ್ಲಾಸ್ಟಿಕ್ ಕುರ್ಚಿಗಳು, ಬೆಳ್ಳಗಿನ ವಿದೇಶದವರು, ಬ್ಯಾಂಕಾಕಿನವರು, ಮೊಬೈಲುಗಳು. ನಡುವೆ ಲೇತು. ಹುಬ್ಬಿನ ಮೇಲೆ ಪಟ್ಟಿ ಕಟ್ಟಿಕೊಂಡ ಖಾಮೂನ್ ಉಳಿ ಹಿಡಿದು ನಿಂತಿದ್ದ. ನಡುಕ ಕಾಣದಿರಲೆಂದು ಉಳಿಯ ಹಿಡಿಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದ.

ಪಿಂಪಾ ಕುರ್ಚಿಗಳ ಹಿಂದೆ ಬಂದು ತಲುಪುವ ಹೊತ್ತಿಗೆ ರತ್ತನಾ ಮೈಕಿನಲ್ಲಿ, "ಶುರು ಮಾಡೋಣ್ವಾ ಗುರುಗಳೇ?" ಎಂದಳು.

ದೇಚಾ ಸ್ವಿಚ್ಚಿಗೆ ಅಡ್ಡ ನಿಂತ. ಮುದುಕನಿಗೆ ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ ವಂದಿಸಿದ. "ಮಾವ, ಕ್ಷಮಿಸಿ," ಅಂದ. ಆಮೇಲೆ ಜನದ ಕಡೆ ತಿರುಗಿದ. ಮೈಕು ತೆಗೆದುಕೊಳ್ಳಲಿಲ್ಲ.

"ಇವರು ನಮ್ಮೂರಿನ ದೊಡ್ಡ ಕೈ. ನಮಗೆಲ್ಲ ಗುರುಗಳು. ಆದರೆ ಒಳಗಡೆ ಇರೋ ಬಟ್ಟಲು ಇವರದ್ದಲ್ಲ. ನಾಲ್ಕು ವರ್ಷದಿಂದ ಎಲ್ಲಾನೂ ಇವರ ಮಗಳು ಪಿಂಪಾ ಕಡೆದಿದ್ದು. ಗುರುಗಳ ಕೈ ನಡುಗತ್ತೆ. ಇಷ್ಟು ದಿನ ಅಂಗಡಿಗೆ ಸುಳ್ಳು ಹೇಳಿದ್ದು ನಾನು. ರತ್ತನಾ ಅಕ್ಕನಿಗೂ ಗೊತ್ತಿರ್ಲಿಲ್ಲ."

 ಯಾರೋ ವಿದೇಶದವರ ಕಿವಿಯಲ್ಲಿ ಪಿಸುಗುಟ್ಟಿ ಅನುವಾದಿಸಿದರು.

ಖಾಮೂನ್ ಉಳಿಯನ್ನು ನೆಲಕ್ಕೆ ಎಸೆದ. "ದ್ರೋಹಿ!" ಅಂದ, ಧ್ವನಿಯೂ ನಡುಗುತ್ತಿತ್ತು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬೀದಿ ಕಡೆಗೆ ನಡೆದುಬಿಟ್ಟ. ಹೊಸ ಅಂಗಿಯ ಬೆನ್ನು ಬೆವರಿ ಒದ್ದೆಯಾಗಿತ್ತು.

ಪಿಂಪಾಳ ಎದೆ ಒಂದು ಕ್ಷಣ ತಂಪಾಯಿತು, ನಿಜ. ತನ್ನ ಹೆಸರು ಅಷ್ಟು ಜನರ ನಡುವೆ ಜೋರಾಗಿ ಕೇಳಿಸಿದ್ದು ಅದೇ ಮೊದಲು. ಮರುಕ್ಷಣ ಆ ಒದ್ದೆ ಬೆನ್ನು ಕಂಡಿತು. ಸಿಟ್ಟು ಮತ್ತೆ ಧಗ್ಗೆಂದಿತು. ದೇಚಾನ ತೋಳು ಹಿಡಿದು ಬಿದಿರುಬುಟ್ಟಿಗಳ ರಾಶಿಯ ಹಿಂದಕ್ಕೆ ಎಳೆದೊಯ್ದಳು.

"ಬುದ್ಧಿ ಇದೆಯೇನೋ ನಿನಗೆ?"

ಅವನ ಮುಖ ಅರಳಿತು. "'ನಿನಗೆ' ಅಂದೆ ನೀನು!"

"ಏನು?"

"'ನಿಮಗೆ' ಅನ್ನಲಿಲ್ಲ. 'ನಿನಗೆ' ಅಂದೆ."

"ಹಲ್ಲು ಉದುರಿಸ್ತೀನಿ! ಅಪ್ಪನ್ನ ಅಷ್ಟು ಜನರ ಮುಂದೆ ಬೆತ್ತಲೆ ಮಾಡಿದ್ಯಲ್ಲೋ. ಆ ವಯಸ್ಸಿನೋರನ್ನ!"

"ತಿರುಗೋ ಮರಕ್ಕೆ ಉಳಿ ಹಚ್ಚಿದ್ರೆ ಸತ್ತೇ ಹೋಗ್ತಿದ್ರು ಪಿಂಪಾ. ದಾರಿ ಪೂರ್ತಿ ಕೇಳ್ಕೊಂಡೆ, ಕಡೀಬೇಡಿ ಮಾವ ಅಂತ. ಒಪ್ಪಲಿಲ್ಲ. ತಿದ್ದಿದ್ರಾ ಅಂತ ನೀನೇ..."

"ನನಗೆ ಹೇಳ್ಬೇಕಿತ್ತು! ಅವತ್ತೇ, ಅಪ್ಪ ಕೇಳ್ಕೊಂಡ ದಿನಾನೇ, ಗೇಟು ತೆಗೆದು ಒಳಗೆ ಬಂದು ನನಗೆ ಹೇಳ್ಬೇಕಿತ್ತು. ಕೂತು ಮಾತಾಡ್ತಿದ್ವಿ. ಅಪ್ಪನಿಗೆ ಹೆಸರು ಬೇಕಾದ್ರೆ ನಾನೇ ಕೊಡ್ತಿದ್ದೆ. ಕದೀಬೇಕಿತ್ತಾ?"

 ಅವಳ ಕಣ್ಣು ತುಂಬಿತ್ತು. ಅವನು ನೋಡಿದ್ದು ಗೊತ್ತಾಗಿ ಇನ್ನೂ ಕೋಪ ಬಂತು. ಅವನನ್ನು ಬುಟ್ಟಿಗಳ ನಡುವೆಯೇ ಬಿಟ್ಟು ಅಪ್ಪನನ್ನು ಹುಡುಕಿಕೊಂಡು ಹೊರಟಳು.

ಖಾಮೂನ್ ಅಂಗಡಿಯ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಅಂಗಡಿಯ ಹುಡುಗಿ ಕೊಟ್ಟ ಐಸ್ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಮಂಜುಗಡ್ಡೆ ಕಿಣಿಕಿಣಿ ಅನ್ನುತ್ತಿತ್ತು.

ಪಿಂಪಾ ಪಕ್ಕದಲ್ಲಿ ಕೂತಳು. "ಮನೆಗೆ ಹೋಗೋಣ ಅಪ್ಪ."

"ಸಿಟ್ಟು ಹೋಯ್ತಾ ನನ್ನ ಮೇಲೆ?"

"ಇಲ್ಲ."

"ಹೂಂ." ಅವನು ಚಹಾ ಹೀರಿದ. "ಆ ಹುಡುಗನ ಮೇಲೆ ನನಗೂ ಹೋಗಿಲ್ಲ. ಸರಿಯಾಗೇ ಮಾಡ್ದ, ಮುಂಡೇಮಗ. ಅದಕ್ಕೇ ಇನ್ನೂ ಸಿಟ್ಟು."

ಬೀದಿಯಲ್ಲಿ ಸಂಜೆಯ ಸಂತೆ ಸಾಲು ಕಟ್ಟುತ್ತಿತ್ತು. 

"ಅಷ್ಟು ದೂರ ದಿಮ್ಮಿ ಹೊತ್ಕೊಂಡು ಬಂದಿದೀವಿ," ಅಂದ ಖಾಮೂನ್, ಸಂತೆಯತ್ತಲೇ ನೋಡುತ್ತ. "ವಾಪಸ್ ಹೊತ್ಕೊಂಡು ಹೋಗೋದಾ?"

ಅವಳು ಅವನ ಕಡೆ ತಿರುಗಿದಳು.

"ಎಡಗಡೆ ಒಂದು ಗಂಟಿದೆ ಅದರಲ್ಲಿ. ಮೇಲಿಂದ ಕಾಣಲ್ಲ. ನೋಡ್ಕೊಂಡು ಕಡಿ."

ಅವಳು ಎದ್ದು ಹೋಗುವಾಗ ಅವನೂ ಎದ್ದು ಹಿಂದೆ ಬಂದ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತ.

ಪಿಂಪಾ ಒಳ್ಳೆಯ ಬಟ್ಟೆ ಉಟ್ಟಿರಲಿಲ್ಲ, ಮುಡಿ ಬಿಚ್ಚಿಹೋಗಿತ್ತು, ಮುಖದಲ್ಲಿ ನಗು ಇರಲಿಲ್ಲ. ಲೇತು ತಿರುಗಿತು. ಮೊದಲ ಏಟಿಗೇ ನೀರು ಮುಂದಿನ ಸಾಲಿಗೆ ಹಾರಿತು. ಯಾರೋ ಕಿರುಚಿದರು, ಆಮೇಲೆ ನಕ್ಕರು. ತೊಗಟೆ ಹೋಯಿತು, ಹಳದಿ ಬಂತು, ಮಾವಿನ ಹಸಿ ಹುಳಿವಾಸನೆ ಅಂಗಳ ತುಂಬಿತು. ಸುರುಳಿಗಳು ಅವಳ ತೋಳಿನ ಮೇಲೆ ಜಾರಿ, ಮೊಣಕಾಲಿನವರೆಗೆ ಏರಿದವು. ಗಂಟು ಬಂದಾಗ ಸದ್ದು ಬದಲಾಯಿತು. ಅವಳು ಉಸಿರು ಹಿಡಿದಳು. ಮುಂದಿನ ಸಾಲಿನಲ್ಲಿ ಖಾಮೂನನೂ ಹಿಡಿದ. ಉಳಿ ಗಂಟನ್ನು ದಾಟಿತು.

"ಅಂಚು ದಪ್ಪ ಆಯ್ತು!" ಎಂದು ಅವನು ಕೂಗಿದ.

"ಹಸಿ ಮರ ಅಪ್ಪ! ಒಣಗಿದ ಮೇಲೆ ಇನ್ನೊಂದ್ಸಲ ಕಡೀತೀನಲ್ಲ!" ಎಂದು ಅವಳು ತಿರುಗಿ ಕೂಗಿದಳು.

"ಆದ್ರೂ ದಪ್ಪ!"

ಜನ ಚಪ್ಪಾಳೆ ತಟ್ಟಿದರು. ಮುದುಕ ಪಕ್ಕದ ಕುರ್ಚಿಯ ವಿದೇಶಿ ಹೆಂಗಸಿನ ತೋಳು ತಟ್ಟಿ, ಲೇತಿನ ಕಡೆ ಬೆರಳು ತೋರಿಸಿ, ಅವಳಿಗೆ ಅರ್ಥವಾಗದ ಭಾಷೆಯಲ್ಲಿ, "ನನ್ನ ಮಗಳು," ಅಂದ. ಅರ್ಥವಾಗಲಿಲ್ಲವೇನೋ ಎಂದು ಮತ್ತೊಮ್ಮೆ ಅಂದ.

*

ಮರಳುವಾಗ ಬುವಾ ಅತ್ತೆ ಪಿಕಪ್ಪಿನ ಕೀಲಿ ಕಿತ್ತುಕೊಂಡಳು. "ನಾನು ಓಡಿಸ್ತೀನಿ. ಅಣ್ಣನ ಪಕ್ಕ ಇವನನ್ನ ಕೂರಿಸಿದ್ರೆ ಊರು ತಲುಪೋದ್ರೊಳಗೆ ಕೊಲೆ ಆಗತ್ತೆ."

ಹೀಗಾಗಿ ಹಿಂದುಗಡೆ, ಹಗ್ಗದಿಂದ ಕಟ್ಟಿದ ಸ್ಕೂಟರಿನ ಆಚೆ ದೇಚಾ, ಈಚೆ ಪಿಂಪಾ. ಹೊಲಗಳ ಮೇಲೆ ಸಂಜೆ ಇಳಿಯುತ್ತಿತ್ತು. ಡೋಯಿ ಸುತೇಪ್ ಬೆಟ್ಟದ ಅಂಚು ಕೆಂಪಗಿತ್ತು. ದೇಚಾ ಅವಳನ್ನು ನೋಡುವುದು, ಅವಳು ನೋಡಿದರೆ ಸ್ಕೂಟರಿನ ಮೀಟರು ನೋಡುವುದು, ಹೀಗೇ ಬಹಳ ದೂರ ಸಾಗಿತು.

"ನೀನು ನನ್ನ ಮದುವೆ ಆಗ್ತೀಯಂತೆ," ಅಂದಳು ಪಿಂಪಾ.

ಅವನು ಹಗ್ಗ ಹಿಡಿದುಕೊಂಡ. "ಯಾರು ಹೇಳಿದ್ದು?"

"ಯಾರು ಹೇಳಿಲ್ಲ ಅಂತ ಕೇಳು. ಒಬ್ಬ ಮಾತ್ರ ಹೇಳಿಲ್ಲ."

ಗಾಡಿ ಒಂದು ಗುಂಡಿ ಹಾರಿತು. ಅವನು ಹಗ್ಗದ ಗಂಟನ್ನು ನೋಡುತ್ತ ಹೇಳಿದ, "ನೀನು ಲಾಂಪೂನಿನಿಂದ ಬಂದ ವರ್ಷ ಎಲ್ಲರ ಮುಂದೆ ಅಂದಿದ್ದೆ. ಇನ್ನು ಯಾವ ಗಂಡಸಿಗೂ ಅನ್ನ ಬೇಯ್ಸಲ್ಲ ಅಂತ."

"ಅನ್ನ ಬೇಯ್ಸಲ್ಲ ಅಂದಿದ್ದೆ. ಕಿವಿ ಮುಚ್ಕೋತೀನಿ ಅಂದಿದ್ನಾ?"

"ಇಲ್ಲ."

"ಈಗ ಹೇಳು. ಭಿಕ್ಷುಗಳಿಗೆ ಹೇಳ್ದಂಗೆ ಬೇಡ. ನನಗೆ ಹೇಳು. ಮುಖ ನೋಡಿ."

ಅವನು ಸ್ಕೂಟರಿನ ಸೀಟಿನ ಮೇಲಿಂದ ಅವಳ ಮುಖ ನೋಡಿದ. ಕೆನ್ನೆಯ ಮೇಲೆ ಮಾವಿನ ಹೊಟ್ಟು ಅಂಟಿ ಒಣಗಿತ್ತು. ಕಣ್ಣು ಇನ್ನೂ ಕೆಂಡದ ಹಾಗೇ ಇತ್ತು.

"ಮೆರುಗು ಹಚ್ಚೋಕೆ ಮುಂಚೆ ನಿನ್ನ ಬಟ್ಟಲಿನ ಒಳಗೆ ಬೆರಳು ಓಡಿಸ್ತೀನಿ," ಅಂದ. "ಎಲ್ಲಿ ನೀನು ಉಸಿರು ಹಿಡಿದೆ, ಎಲ್ಲಿ ಬಿಟ್ಟೆ, ಎಲ್ಲಿ ಯಾರ ಮೇಲೋ ರೇಗಿದೆ, ಎಲ್ಲ ಬೆರಳಿಗೆ ಗೊತ್ತಾಗತ್ತೆ. ಎರಡು ವರ್ಷ ಹೀಗೇ ನಿನ್ನ ಕೈ ಹಿಡಿದಿದೀನಿ, ನಿನಗೆ ಗೊತ್ತಿಲ್ಲದೆ. ಇನ್ನು ಗೊತ್ತಿದ್ದೇ ಹಿಡೀಬೇಕು ಅನ್ಸತ್ತೆ. ನೀನಿಲ್ಲದೆ ಆಗಲ್ಲ ನನಗೆ, ಪಿಂಪಾ. ನಿನ್ನ ಗೇಟಿನ ಆಚೆ ನಿಂತ ದಿನಗಳಲ್ಲಿ ಚೆನ್ನಾಗಿ ಗೊತ್ತಾಯ್ತು."

ಅವಳು ಬೆಟ್ಟದ ಕಡೆ ಮುಖ ಮಾಡಿದ್ದಳು. "ನನ್ನ ಕೈ ಒರಟು. ಆ ಮನೇಲಿ ಅದನ್ನೇ ಅಂದು ಅಂದು ಸಾಕು ಮಾಡಿದ್ರು."

"ನಂದು ಕಪ್ಪು. ಎಷ್ಟು ತೊಳೆದ್ರೂ ಹೋಗಲ್ಲ."

"ಹೊಟ್ಟು ಗುಡಿಸೋಳು ಅಂದಾಗ ಸುಮ್ನಿದ್ದೆ ನೀನು."

"ಸುಮ್ನಿದ್ದೆ. ತಪ್ಪು. ಅದಕ್ಕೆ ನೆಪ ಇಲ್ಲ."

"ನನ್ನ ಸಿಟ್ಟು ಹೋಗಿಲ್ಲ."

"ಗೊತ್ತು."

"ಬೇಗ ಹೋಗೋದೂ ಇಲ್ಲ."

"ಪರವಾಗಿಲ್ಲ. ದಿನಾ ಬಂದು ಬೈಸ್ಕೋತೀನಿ. ಗೇಟಿನ ಆಚೆನೇ ನಿಂತ್ಕೋತೀನಿ."

ಪಿಂಪಾ ಅವನ ಕಡೆ ತಿರುಗಿದಳು. ತುಟಿಯ ಒಂದು ಮೂಲೆ ಅವಳ ಮಾತು ಕೇಳದೆ ಮೇಲೆ ಹೋಯಿತು. ಅವಳು ಅದನ್ನು ಹಲ್ಲಿನಿಂದ ಹಿಡಿದು ಕೆಳಕ್ಕೆ ಎಳೆದಳು.

"ಬೈಸ್ಕೊಳ್ಳೋಕೆ ಅಂತ ದಿನಾ ಪಕ್ಕದ ಓಣಿಯಿಂದ ಯಾಕೆ ಬರ್ತೀಯ? ಬಟ್ಟೆಬರೆ ತಗೊಂಡು ಬಂದು ಮನೇಲೇ ಇರು."

ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬಂದು ಇರುವುದು ಆ ಸೀಮೆಯ ಪದ್ಧತಿ. ಅರ್ಥವಾಗಲು ದೇಚಾಗೆ ಒಂದು ಸೇತುವೆ ದಾಟುವಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನಿಗೆ ಬಾಯಿ ಮುಚ್ಚಲಾಗಲಿಲ್ಲ.

"ಅನ್ನ ನೀನೇ ಬೇಯ್ಸಬೇಕು," ಅಂದಳು ಅವಳು. "ಚಟ್ನಿಗೆ ಉಪ್ಪು ಕಮ್ಮಿ."

ಕ್ಯಾಬಿನ್ನಿನ ಹಿಂದಿನ ಗಾಜಿನ ಕಿಟಕಿ ಸರ್ರನೆ ಸರಿಯಿತು. ಬುವಾ ಅತ್ತೆ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ತಲೆಯನ್ನು ಹಿಂದಕ್ಕೆ ಚಾಚಿದಳು. ಅವಳ ಪಕ್ಕದಲ್ಲಿ ನಿದ್ದೆ ಮಾಡುತ್ತಿರುವಂತೆ ಕೂತಿದ್ದ ಖಾಮೂನನ ಒಂದು ಕಣ್ಣು ತೆರೆದಿತ್ತು.

"ಏನಂತಾನೆ ಅವನು? ಏನಂದ?"

"ಏನಿಲ್ಲ. ರಸ್ತೆ ನೋಡ್ಕೊಂಡು ಓಡ್ಸು ಅತ್ತೆ."

ದೇಚಾ ಹೇಳಲೆಂದು ಬಾಯಿ ತೆರೆದ. ಪಿಂಪಾ ಸ್ಕೂಟರಿನ ಮೇಲಿಂದ ಬಾಗಿ ತನ್ನ ಒರಟು ಅಂಗೈಯಿಂದ ಅವನ ಬಾಯಿ ಮುಚ್ಚಿದಳು.

"ಒಬ್ಬರಿಗೆ ಹೇಳಿದ್ರೂ ಕೊಂದುಬಿಡ್ತೀನಿ," ಅಂದಳು ಮೆಲ್ಲಗೆ. "ಇವತ್ತೊಂದು ದಿನ ಇದು ನನಗೊಬ್ಬಳಿಗೇ ಗೊತ್ತಿರ್ಲಿ."

ಅವನು ಅವಳ ಅಂಗೈಯೊಳಗೇ ತಲೆಯಾಡಿಸಿದ. ಕಿಟಕಿ ಮುಚ್ಚಿತು. ಅವಳು ಕೈ ತೆಗೆಯಲಿಲ್ಲ.